ಋಣವನ್ನು ಮೀರಿದ ಸೇವೆ

ಮುಪ್ಪಿನಲ್ಲಿ ಅಶಕ್ತರಾದವರನ್ನು ನೋಡಿಕೊಳ್ಳುವುದು ಏತಕ್ಕೆ ಧರ್ಮವೆನಿಸಿಕೊಳ್ಳುತ್ತದೆ ಎಂದು ನಮ್ಮ ನಾಡಿನಲ್ಲಿ ಯಾರನ್ನು ಕೇಳಿದರೂ ಬರುವ ಉತ್ತರ ಬಹುಮಟ್ಟಿಗೆ ಒಂದೇ: ಅವರು ನಮ್ಮನ್ನು ಹೆತ್ತರು, ಹೊತ್ತರು, ತಾವು ಹಸಿದಿದ್ದು ನಮಗೆ ಉಣಿಸಿದರು, ಆ ಋಣವನ್ನು ಅವರ ಕೊನೆಗಾಲದಲ್ಲಾದರೂ ತೀರಿಸದಿದ್ದರೆ ನಾವು ಮನುಷ್ಯರೆನಿಸಿಕೊಳ್ಳಲು ತಕ್ಕವರಲ್ಲ. ಈ ಉತ್ತರದಲ್ಲಿ ಹೃದಯವಿದೆ, ಪರಂಪರೆಯ ಬಲವಿದೆ. ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತುಕೊಂಡೇ ಮನುಷ್ಯನು ಹುಟ್ಟುತ್ತಾನೆಂಬ ವೈದಿಕ ಭಾವನೆಯು ಅದರ ಬೆನ್ನಿಗಿದೆ. ಆದರೂ ಯಾವುದಾದರೊಂದು ವೃದ್ಧಾಶ್ರಮದ ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಕುಳಿತು, ಅಲ್ಲಿರುವವರ ಮುಖಗಳನ್ನು ನೋಡಿ ಯೋಚಿಸಿದವರಿಗೆ, ಈ ಉತ್ತರವೊಂದೇ ಸಾಲದೆಂದು ತೋರದೆ ಇರದು.

ಅಲ್ಲಿ ಮಕ್ಕಳೇ ಇಲ್ಲದವರುಂಟು. ಮದುವೆಯಾಗದೆ ತಮ್ಮತಂಗಿಯರ ಸಂಸಾರಗಳಿಗಾಗಿ ದುಡಿದು ಸವೆದವರುಂಟು. ಕಣ್ಣೆದುರಿಗೇ ಮಗನನ್ನು ಕಳೆದುಕೊಂಡವರುಂಟು. ಬಹುಕಾಲ ಒಂದೇ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದು, ಕೈ ನಡುಗತೊಡಗಿದ ಮೇಲೆ ಆ ಮನೆಗೆ ಬೇಡವಾದವರುಂಟು. ಮುಚ್ಚುಮರೆಯಿಲ್ಲದೆ ಹೇಳಬೇಕಾದರೆ, ಹೆಂಡತಿಮಕ್ಕಳನ್ನು ಹೊಡೆದು ಬಡಿದು ಬಾಳಿ, ಈಗ ಯಾರೊಬ್ಬರೂ ತಮ್ಮ ಮುಖ ನೋಡದಂತೆ ಮಾಡಿಕೊಂಡವರೂ ಉಂಟು. ಇವರಿಗೆಲ್ಲ ಯಾರು ಋಣಿಗಳು? ಇನ್ನು, ನಡುರಾತ್ರಿಯಲ್ಲಿ ಎದ್ದುಬಂದು ಒದ್ದೆಯಾದ ಹಾಸಿಗೆಯನ್ನು ಬದಲಿಸುವ ಆಯಾ, ರಾಯಚೂರಿನ ಕಡೆಯ ಹಳ್ಳಿಯಿಂದಲೋ ಒಡಿಶಾದಿಂದಲೋ ಹೊಟ್ಟೆಪಾಡಿಗಾಗಿ ಬಂದವಳು, ಆ ಮುದುಕರ ಕೈಯಿಂದ ಒಂದು ತುತ್ತು ಅನ್ನವನ್ನಾದರೂ ಉಂಡವಳಲ್ಲ. ಸೇವಾಧರ್ಮಕ್ಕೆ ಋಣವೊಂದೇ ಮೂಲವಾದ ಪಕ್ಷದಲ್ಲಿ, ಸೇವೆಯನ್ನು ನಿಜವಾಗಿ ಮಾಡುತ್ತಿರುವ ಈ ಹೆಣ್ಣುಮಗಳಿಗೆ ಸಂಬಳವುಂಟೇ ಹೊರತು ಧರ್ಮವಿಲ್ಲವೆಂದು ಹೇಳಬೇಕಾಗುತ್ತದೆ. ಹಾಗೆ ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ವೃದ್ಧಸೇವೆಯು ಋಣದ ಮಾತನ್ನು ಮೀರಿದ ಬೇರೊಂದು ನೆಲೆಯ ಮೇಲೆ ನಿಂತಿರಬೇಕು. ಆ ನೆಲೆ ಯಾವುದೆಂದು ತಿಳಿದ ಹೊರತು ಒಂದು ಆಶ್ರಮದ ಶುಶ್ರೂಷೆ ಒಳ್ಳೆಯದೋ ಕೆಟ್ಟದೋ ಎಂದು ನಿರ್ಣಯಿಸುವ ಅಳತೆಯೂ ನಮ್ಮ ಕೈಗೆ ಸಿಕ್ಕುವುದಿಲ್ಲ.

ಋಣದ ಮಾತಿನಲ್ಲಿ ಇನ್ನೊಂದು ತೊಡಕೂ ಇದೆ. ಅದನ್ನು ಗಂಡಸರಾದ ನಾವು ಸಾಮಾನ್ಯವಾಗಿ ಎತ್ತುವುದಿಲ್ಲ. ಋಣ ಮಗನದು, ಮೈಮುರಿದು ಅದನ್ನು ತೀರಿಸುವವಳು ಸೊಸೆ. ಹಾಸಿಗೆ ಹಿಡಿದ ಅತ್ತೆಯ ಮೈ ಒರೆಸಿ, ಸೀರೆ ಬದಲಿಸಿ, ಗಂಜಿ ಕುಡಿಸಿ, ರಾತ್ರಿಯ ನಿದ್ದೆಯನ್ನು ವರ್ಷಗಟ್ಟಲೆ ಬಿಟ್ಟ ಆ ಹೆಂಗಸು ಅತ್ತೆಯ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ, ಬಾಲ್ಯದಲ್ಲಿ ಅವಳಿಂದ ಲಾಲನೆ ಪಡೆದವಳೂ ಅಲ್ಲ. ನಮ್ಮ ಮನೆಗಳಲ್ಲಿ ಹಿರಿಯರು ಗೌರವದಿಂದ ಕಣ್ಣುಮುಚ್ಚಿದರೆಂಬ ಕೀರ್ತಿಯ ಹೆಚ್ಚಿನ ಪಾಲು, ಯಾವ ಋಣವೂ ಇಲ್ಲದೆ ದುಡಿದ ಇಂಥ ಹೆಂಗಸರಿಗೆ ಸಲ್ಲತಕ್ಕದ್ದು.

2007ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ, ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗೆ ಸಂಬಂಧಪಟ್ಟ ಅಧಿನಿಯಮವೂ ಬಹುಪಾಲು ಋಣದ ತಳಹದಿಯ ಮೇಲೆಯೇ ಕಟ್ಟಿದ್ದು. ಮಕ್ಕಳು ತಿಂಗಳಿಗೆ ಹತ್ತು ಸಾವಿರ ರೂಪಾಯಿಗಳವರೆಗೆ ಜೀವನಾಂಶ ಕೊಡಬೇಕೆಂದು ನ್ಯಾಯಮಂಡಳಿ ಆಜ್ಞೆ ಮಾಡಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿಯನ್ನು ಬರೆಸಿಕೊಂಡು ಆಮೇಲೆ ಕೈಬಿಟ್ಟರೆ ಆ ಪತ್ರವನ್ನು ರದ್ದುಮಾಡಬಹುದು. ವೃದ್ಧರನ್ನು ತೊರೆದವರಿಗೆ ಮೂರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಆದರೆ ಅದೇ ಅಧಿನಿಯಮದ 19ನೆಯ ಪ್ರಕರಣವು, ಜಿಲ್ಲೆಗೊಂದರಂತಾದರೂ, ಕನಿಷ್ಠ 150 ಮಂದಿ ನಿರ್ಗತಿಕರಾದ ಹಿರಿಯರಿಗೆ ಆಶ್ರಯ ಕೊಡಬಲ್ಲ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರಗಳು ಸ್ಥಾಪಿಸಬಹುದೆಂದು ಹೇಳುವಾಗ ಋಣದ ಮಾತನ್ನು ಬಿಟ್ಟುಬಿಡುತ್ತದೆ. ಅಲ್ಲಿ ದಿಕ್ಕಿಲ್ಲದಿರುವುದೇ ಅರ್ಹತೆ. ಕಾನೂನು ಅಲ್ಲಿಯವರೆಗೆ ಬಂದು ನಿಂತಿದೆ. ಛಾವಣಿಯನ್ನೂ ಮಂಚವನ್ನೂ ಅದು ಎಣಿಸಬಲ್ಲುದು. ಮಂಚದ ಬಳಿ ನಿಂತವನ ಮನೋಧರ್ಮವನ್ನು ಎಣಿಸುವ ಶಕ್ತಿ ಅದಕ್ಕಿಲ್ಲ. ಆ ಮಾತಿಗೆ ನಾವು ಬೇರೆ ಕಡೆ ನೋಡಬೇಕು.

ಕುಮಾರವ್ಯಾಸನು ಗದಾಪರ್ವಕ್ಕೆ ತನ್ನ ಕಾವ್ಯವನ್ನು ನಿಲ್ಲಿಸಿದುದರಿಂದಲೋ ಏನೋ, ಮಹಾಭಾರತದ ಆಶ್ರಮವಾಸಿಕ ಪರ್ವವು ಕನ್ನಡ ಓದುಗರ ನಾಲಗೆಯ ಮೇಲೆ ಅಷ್ಟಾಗಿ ಆಡುವುದಿಲ್ಲ. ಯುದ್ಧ ಮುಗಿದು ಹದಿನೈದು ವರ್ಷಗಳ ಕಾಲ, ನೂರು ಮಕ್ಕಳನ್ನೂ ಕಳೆದುಕೊಂಡ ಕುರುಡ ಮುದುಕ ಧೃತರಾಷ್ಟ್ರನು, ತಾನು ಅನ್ಯಾಯ ಮಾಡಿದ ಪಾಂಡವರ ಮನೆಯಲ್ಲಿಯೇ ಇದ್ದ ವೃತ್ತಾಂತ ಅದರಲ್ಲಿದೆ. ಧರ್ಮರಾಯನು ಏರ್ಪಡಿಸಿದ ಉಪಚಾರದಲ್ಲಿ ಯಾವ ನ್ಯೂನತೆಯೂ ಇರಲಿಲ್ಲ. ಮೊದಲಿನಂತೆಯೇ ಬಾಣಸಿಗರು ಭಕ್ಷ್ಯಗಳನ್ನು ಮಾಡುತ್ತಿದ್ದರು; ಬೆಲೆಯುಳ್ಳ ವಸ್ತ್ರಗಳು, ಮಾಲ್ಯಗಳು, ಹಾಸಿಗೆಗಳು ಅಣಿಯಾಗುತ್ತಿದ್ದವು; ಕುಂತಿಯು ಗಾಂಧಾರಿಯನ್ನು ಹಿರಿಯಳೆಂದೂ, ದ್ರೌಪದಿಯೂ ಸುಭದ್ರೆಯೂ ಅತ್ತೆಯೆಂದೂ ಭಾವಿಸಿ ಸೇವಿಸುತ್ತಿದ್ದರು; ಪುತ್ರಶೋಕದಿಂದ ಬೆಂದ ಆ ವೃದ್ಧನಿಗೆ ಎಳ್ಳಷ್ಟೂ ದುಃಖವಾಗಕೂಡದೆಂದು ಧರ್ಮರಾಯನು ತಮ್ಮಂದಿರಿಗೆ ಆಜ್ಞೆ ಮಾಡಿದ್ದನು. ಇಂದಿನ ಪರೀಕ್ಷಾಧಿಕಾರಿಯೊಬ್ಬನು ಆ ಅರಮನೆಗೆ ಬಂದಿದ್ದರೆ ತನ್ನ ಪಟ್ಟಿಯ ಪ್ರತಿಯೊಂದು ಸಾಲಿನ ಮುಂದೆಯೂ ಸರಿಯೆಂಬ ಗುರುತು ಹಾಕಿಕೊಂಡು ಹೋಗುತ್ತಿದ್ದನು.

ಆದರೆ ಭೀಮನು ತನ್ನ ಗೆಳೆಯರ ನಡುವೆ ಕುಳಿತು, ಮುದುಕನ ಕಿವಿಗೆ ಬೀಳುವಂತೆ ತೋಳು ತಟ್ಟಿಕೊಂಡು, ಕುರುಡನ ಮಕ್ಕಳನ್ನೆಲ್ಲ ಯಮನೂರಿಗೆ ಅಟ್ಟಿದ ತೋಳುಗಳು ಇವೇ ಎಂದು ಹೇಳಿಕೊಳ್ಳುತ್ತಿದ್ದನು. ಅಷ್ಟೇ ಅಲ್ಲ, ವೃದ್ಧರಾಜನು ಮಾಡಿದ ಅಪ್ಪಣೆಗಳು ನಡೆಯದಂತೆ ತನ್ನ ಜನರಿಂದ ಗುಟ್ಟಾಗಿ ತಡೆಸುತ್ತಿದ್ದನೆಂದೂ ವ್ಯಾಸರು ಬರೆಯುತ್ತಾರೆ. ಇದು ಧರ್ಮರಾಯನಿಗೆ ತಿಳಿಯದು, ಅರ್ಜುನನಿಗೆ ತಿಳಿಯದು, ಕುಂತಿಗೂ ದ್ರೌಪದಿಗೂ ತಿಳಿಯದು. ಮುದುಕನು ಯಾರೊಡನೆಯೂ ದೂರಲಿಲ್ಲ. ಊಟವನ್ನು ಕಡಿಮೆ ಮಾಡಿದನು, ನೆಲದ ಮೇಲೆ ದರ್ಭೆಯನ್ನು ಹಾಸಿಕೊಂಡು ಮಲಗತೊಡಗಿದನು. ಅದನ್ನು ಬಲ್ಲವಳು ಗಾಂಧಾರಿಯೊಬ್ಬಳೇ. ಕಡೆಗೊಂದು ದಿನ ಕಾಡಿಗೆ ಹೋಗಲು ಅಪ್ಪಣೆ ಬೇಡಿದನು. ಬೇಡುತ್ತ ಬೇಡುತ್ತಲೇ ಶಕ್ತಿಗುಂದಿ ಗಾಂಧಾರಿಯ ಮೈಮೇಲೆ ಒರಗಿದನು. ಅಂದಿಗೆ ಅವನು ಉಂಡು ಎಂಟು ಹೊತ್ತುಗಳಾಗಿದ್ದವು. ಆಗ ಧರ್ಮರಾಯನು ಗಾಬರಿಯಿಂದ ತಣ್ಣೀರಿನಲ್ಲಿ ಕೈ ಅದ್ದಿ ಅವನ ಎದೆಯನ್ನೂ ಮುಖವನ್ನೂ ಮೆಲ್ಲನೆ ಸವರಿದನು. ಎಚ್ಚತ್ತ ಮುದುಕನು ಕೇಳಿದ್ದು ರಾಜ್ಯವನ್ನಲ್ಲ, ಭಕ್ಷ್ಯವನ್ನಲ್ಲ: ಆ ಕೈಯಿಂದ ಇನ್ನೊಮ್ಮೆ ಮುಟ್ಟು, ಅಪ್ಪಿಕೋ, ನಿನ್ನ ಸ್ಪರ್ಶದಿಂದ ನನಗೆ ಜೀವ ಬಂದಂತಾಯಿತು ಎಂಬುದಾಗಿ ಬೇಡಿಕೊಂಡನು.

ಈ ಕಥೆಯಲ್ಲಿ ನಮಗೆ ಬೇಕಾದುದು ಎರಡು ಸಂಗತಿಗಳು. ಧೃತರಾಷ್ಟ್ರನಿಗೆ ಪಾಂಡವರು ಋಣಿಗಳಾಗಿರಲಿಲ್ಲ. ಅರಗಿನ ಮನೆಯ ಸಂಚಿಗೆ ಸಮ್ಮತಿಸಿದವನು, ದ್ಯೂತಸಭೆಯಲ್ಲಿ ಗೆದ್ದೆವೇ ಗೆದ್ದೆವೇ ಎಂದು ಕೇಳಿ ಹಿಗ್ಗಿದವನು ಅವನು. ಲೆಕ್ಕ ನೋಡುವುದಾದರೆ ಭೀಮನ ಲೆಕ್ಕವೇ ಸರಿ. ಆದರೂ ಕವಿ ನಿಂತಿರುವುದು ಧರ್ಮರಾಯನ ಪಕ್ಷದಲ್ಲಿ. ವೃದ್ಧಾಪ್ಯದಲ್ಲಿ ಒಬ್ಬನಿಗೆ ಸಲ್ಲತಕ್ಕ ಆದರವು ಅವನ ಹಿಂದಿನ ನಡತೆಗೆ ಕೊಡುವ ಬಹುಮಾನವಲ್ಲವೆಂಬುದನ್ನು ಇದಕ್ಕಿಂತ ಕಠಿನವಾದ ಉದಾಹರಣೆಯಿಂದ ತೋರಿಸುವುದು ಸಾಧ್ಯವಿಲ್ಲ. ಎರಡನೆಯದು, ಹದಿನೈದು ವರ್ಷಗಳ ಆ ಸಮಸ್ತ ರಾಜೋಪಚಾರವನ್ನೂ ವ್ಯರ್ಥಗೊಳಿಸಲು ಒಬ್ಬನ ಮಾತು ಸಾಕಾಯಿತು. ಮತ್ತು ಯಜಮಾನನು ಎಷ್ಟೇ ಸಾಧುವಾಗಿದ್ದರೂ ತನ್ನ ಸೂರಿನಡಿಯಲ್ಲಿ, ತಾನಿಲ್ಲದ ಹೊತ್ತಿನಲ್ಲಿ, ಏನು ನಡೆಯುತ್ತಿದೆ ಎಂಬುದು ಅವನಿಗೆ ತಿಳಿದಿರಲಿಲ್ಲ.

ಹೀಗೆ ಹಿಂದಿನ ಉಪಕಾರವೂ ಮುಂದಿನ ಪ್ರಯೋಜನವೂ ಕಾರಣವಲ್ಲವಾದರೆ ಕಾರಣ ಯಾವುದು? ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಅತಿಸಾರದಿಂದ ನರಳುತ್ತಿದ್ದ ಭಿಕ್ಷುವೊಬ್ಬನು ತನ್ನ ಮಲಮೂತ್ರದಲ್ಲಿಯೇ ಬಿದ್ದಿದ್ದನು. ವಿಹಾರವನ್ನು ನೋಡುತ್ತ ಬಂದ ಬುದ್ಧನು ಆನಂದನಿಂದ ನೀರು ತರಿಸಿ, ತಾನು ನೀರು ಹೊಯ್ದು ಅವನಿಂದ ಮೈ ತೊಳೆಯಿಸಿ, ತಾನು ತಲೆಯ ಕಡೆ ಅವನು ಕಾಲಿನ ಕಡೆ ಹಿಡಿದು ರೋಗಿಯನ್ನೆತ್ತಿ ಮಂಚದ ಮೇಲೆ ಮಲಗಿಸಿದನು. ಉಳಿದ ಭಿಕ್ಷುಗಳನ್ನು ಕರೆದು, ಇವನನ್ನು ನೀವೇಕೆ ನೋಡಿಕೊಳ್ಳಲಿಲ್ಲವೆಂದು ಕೇಳಿದಾಗ ಅವರು ಕೊಟ್ಟ ಉತ್ತರ ಸರಳವಾಗಿತ್ತು: ಇವನಿಂದ ನಮಗೆ ಯಾವ ಉಪಕಾರವೂ ಇಲ್ಲ. ಅದಕ್ಕೆ ಬುದ್ಧನು, ನಿಮ್ಮನ್ನು ನೋಡಿಕೊಳ್ಳಲು ಇಲ್ಲಿ ತಾಯಿಯಿಲ್ಲ ತಂದೆಯಿಲ್ಲ, ನೀವು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಮತ್ತಾರು ನೋಡುವರು ಎಂದನು. ತನ್ನನ್ನು ಸೇವಿಸಬೇಕೆನ್ನುವವನು ರೋಗಿಯನ್ನು ಸೇವಿಸಲಿ ಎಂದೂ ಹೇಳಿದನು. ಬಂಧುತ್ವವೂ ಪ್ರಯೋಜನವೂ ಎರಡೂ ಅಳಿದುಹೋದ ಸ್ಥಳದಲ್ಲಿ, ಬಿದ್ದಿರುವುದೇ ಎತ್ತುವುದಕ್ಕೆ ಸಾಕಾದ ಕಾರಣವಾಗುತ್ತದೆ. ವೃದ್ಧಾಶ್ರಮವೆಂಬುದು ಅಂಥ ಸ್ಥಳ. ಅಲ್ಲಿಯ ಸೇವೆಯ ನೆಲೆಯೂ ಇದೇ ಎಂದು ನಾನು ತಿಳಿದಿದ್ದೇನೆ. ಒಳ್ಳೆಯ ಶುಶ್ರೂಷಕನ ಲಕ್ಷಣಗಳನ್ನೂ ಅದೇ ಪ್ರಸಂಗ ಎಣಿಸುತ್ತದೆ: ಔಷಧವನ್ನು ಸಿದ್ಧಪಡಿಸಬಲ್ಲವನು, ಪಥ್ಯಾಪಥ್ಯಗಳನ್ನು ಅರಿತವನು, ಲಾಭದ ಆಸೆಯಿಂದಲ್ಲದೆ ಮೈತ್ರಿಯಿಂದ ಸೇವಿಸುವವನು, ಮಲ ಮೂತ್ರ ವಾಂತಿಗಳಿಗೆ ಹೇಸದವನು, ಧರ್ಮದ ಮಾತಿನಿಂದ ರೋಗಿಯ ಮನಸ್ಸಿಗೆ ನಲಿವು ಕೊಡಬಲ್ಲವನು. ಕಷ್ಟದ ರೋಗಿಗಳೂ ಇರುತ್ತಾರೆ, ಔಷಧವನ್ನು ಒಲ್ಲರು, ನೋವನ್ನು ಮುಚ್ಚಿಡುತ್ತಾರೆ ಎಂಬುದನ್ನೂ ಅದು ಮರೆಮಾಡುವುದಿಲ್ಲ.

ಜೈನರು ಈ ವಿಚಾರವನ್ನು ಇನ್ನೂ ಸೂಕ್ಷ್ಮವಾಗಿ ಕಂಡರು. ಅಶಕ್ತರ ಪರಿಚರ್ಯೆಯಾದ ವೈಯಾವೃತ್ತ್ಯವನ್ನು ಅವರು ಬರಿಯ ದಾನವೆಂದು ಎಣಿಸಲಿಲ್ಲ. ಧ್ಯಾನ ಸ್ವಾಧ್ಯಾಯಗಳ ಸಾಲಿನಲ್ಲಿ ಅದನ್ನೂ ಆಭ್ಯಂತರ ತಪಸ್ಸುಗಳಲ್ಲಿ ಒಂದೆಂದು ಇಟ್ಟರು. ನಮ್ಮ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಿಗೆ ಆಧಾರವಾದ ಪ್ರಾಕೃತ ಗಾಹೆಗಳಿರುವ ಭಗವತೀ ಆರಾಧನೆಯಲ್ಲಿ, ಸಮಾಧಿಮರಣವನ್ನು ಕೈಕೊಂಡ ಒಬ್ಬ ಕ್ಷಪಕನ ಬಳಿ ನಾಲ್ವತ್ತೆಂಟು ಮಂದಿ ನಿರ್ಯಾಪಕರು, ಎಂದರೆ ಪರಿಚಾರಕರು, ಇರಬೇಕೆಂದು ಹೇಳಿದೆ. ಅವರಲ್ಲಿ ನಾಲ್ವರು ನಾಲ್ವರಂತೆ ಕೆಲಸಗಳನ್ನು ಹಂಚಿಕೊಳ್ಳುವರು: ಅವನನ್ನು ಎಬ್ಬಿಸಿ, ಕೂರಿಸಿ, ಮಗ್ಗುಲು ಹೊರಳಿಸುವವರು, ಮೃದುವಾಗಿ ಧರ್ಮಕಥೆಯನ್ನು ಹೇಳುವವರು, ಆಹಾರವನ್ನು ತರುವವರು, ಪಾನೀಯವನ್ನು ತರುವವರು, ಮಲಮೂತ್ರಗಳನ್ನು ತೆಗೆದು ಹಾಸನ್ನು ಶುಚಿಮಾಡುವವರು, ಬಾಗಿಲು ಕಾಯುವವರು, ರಾತ್ರಿಯೆಲ್ಲ ಎಚ್ಚರವಿರುವವರು ಮೊದಲಾದವರು. ಕಾಲಸ್ಥಿತಿ ಕೆಟ್ಟು ಅಷ್ಟು ಜನ ಸಿಕ್ಕದಿದ್ದರೆ ಸಂಖ್ಯೆಯನ್ನು ಇಳಿಸುತ್ತ ಬರಬಹುದು. ಆದರೆ ಇಬ್ಬರಿಗಿಂತ ಕಡಿಮೆ ಎಂದಿಗೂ ಇರಕೂಡದು. ಒಬ್ಬನೇ ಆದರೆ ಅವನು ಭಿಕ್ಷೆಗೆ ಹೋದಾಗ ಕ್ಷಪಕನು ಒಂಟಿ, ಹೋಗದಿದ್ದರೆ ಅವನೇ ಉಪವಾಸ. ಇಬ್ಬರ ಧರ್ಮವೂ ಕೆಡುತ್ತದೆ. ವ್ರತ ಹಿಡಿದು ದೇಹವನ್ನು ಬಿಡುತ್ತಿರುವ ಕ್ಷಪಕನಿಗೂ, ಬದುಕಿರಬೇಕೆಂದು ಬಯಸುವ ನಮ್ಮ ಮುದುಕರಿಗೂ ಅಂತರವಿದೆ ನಿಜ. ಆದರೆ ಅಸಹಾಯವಾದ ಒಂದು ಶರೀರಕ್ಕೆ ಎಷ್ಟು ಕೈಗಳು ಬೇಕೆಂಬುದನ್ನು ಧರ್ಮಶಾಸ್ತ್ರದ ಪ್ರಶ್ನೆಯಾಗಿ ಎತ್ತಿಕೊಂಡು, ಸಂಖ್ಯೆಯನ್ನೇ ಹೇಳಿದ ಆ ಹಿರಿಯರ ವಿವೇಕಕ್ಕೆ ನಾವು ತಲೆಬಾಗಬೇಕು.

ಏಕೆಂದರೆ ಕರುಣೆಗೂ ಸಂಖ್ಯೆಗೂ ಸಂಬಂಧವಿಲ್ಲವೆಂದು ನಾವು ನಂಬಿಕೊಂಡಿದ್ದೇವೆ, ಅದು ನಿಜವಲ್ಲ. ಹಾಸಿಗೆ ಹಿಡಿದವರ ಬೆನ್ನಿನಲ್ಲಿ ಹುಣ್ಣಾಗದಿರಬೇಕಾದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ಶುಶ್ರೂಷೆಯ ಪ್ರಾಥಮಿಕ ಪಾಠ. ರಾತ್ರಿಯ ಪಾಳಿಯಲ್ಲಿ ಒಬ್ಬಳೇ ಆಯಾಗೆ ಇಪ್ಪತ್ತು ಮಂದಿಯನ್ನು ಒಪ್ಪಿಸಿದ್ದಾರೆಂದು ಇಟ್ಟುಕೊಳ್ಳಿ. ಒಬ್ಬರನ್ನು ಹೊರಳಿಸಿ, ಡೈಪರ್ ನೋಡಿ, ಹೊದಿಕೆ ಸರಿಮಾಡಲು ಐದೇ ನಿಮಿಷ ಹಿಡಿದರೂ ಇಪ್ಪತ್ತು ಜನಕ್ಕೆ ನೂರು ನಿಮಿಷ. ಎರಡು ಗಂಟೆಯಲ್ಲಿ ಉಳಿದದ್ದು ಇಪ್ಪತ್ತು ನಿಮಿಷ. ಅಷ್ಟರಲ್ಲಿ ಒಬ್ಬರು ನೀರು ಕೇಳಿದರೆ, ಇನ್ನೊಬ್ಬರು ಮರೆವಿನ ಕಾಯಿಲೆಯಿಂದ ಎದ್ದು ಬಾಗಿಲ ಕಡೆ ನಡೆದರೆ, ಮತ್ತೊಬ್ಬರು ಬಚ್ಚಲಿನಲ್ಲಿ ಜಾರಿದರೆ, ಸಾಕ್ಷಾತ್ ಕರುಣಾಮೂರ್ತಿಯೇ ಆ ಕೆಲಸಕ್ಕೆ ನಿಂತಿದ್ದರೂ ಗದರದೆ ಇರಲಾರಳು. ಅಂಥಲ್ಲಿಯೇ ಮುದುಕರನ್ನು ಮಂಚಕ್ಕೆ ಕಟ್ಟುವುದೂ, ನಿದ್ದೆಯ ಮಾತ್ರೆಯನ್ನು ಹೆಚ್ಚು ಕೊಡುವುದೂ ಮೊದಲಾಗುವುದು. ಇನ್ನೂ ಹೃದಯವಿದ್ರಾವಕವಾದ ಒಂದು ಸಂಗತಿಯುಂಟು: ರಾತ್ರಿ ಕರೆದರೆ ಬೈಗುಳ ಬರುವುದೆಂದು ತಿಳಿದ ಮುದುಕಿಯರು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಯಾರಿಗೂ ಹೇಳುವುದಿಲ್ಲ. ಧೃತರಾಷ್ಟ್ರನು ಊಟ ಬಿಟ್ಟಂತೆಯೇ ಇದು.

ಹಣ ಕೊಟ್ಟು ಪಡೆದ ಸೇವೆಯಲ್ಲಿ ಪ್ರೀತಿಯನ್ನು ಬಯಸಬಹುದೆ? ಚರಕಸಂಹಿತೆ ಬಯಸುತ್ತದೆ. ವೈದ್ಯ, ಔಷಧ, ಉಪಸ್ಥಾತೃ, ರೋಗಿ ಎಂದು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿ, ಉಪಸ್ಥಾತೃವಾದ ಪರಿಚಾರಕನಲ್ಲಿ ಉಪಚಾರದ ಅರಿವು, ದಕ್ಷತೆ, ಶುಚಿತ್ವಗಳ ಜೊತೆಗೆ ಅನುರಾಗವೂ ಇರಬೇಕೆಂದು ಅದು ವಿಧಿಸುತ್ತದೆ. ಅನುರಾಗವನ್ನು ಸಂಬಳದಿಂದ ಕೊಳ್ಳಲಾಗದು, ಒಪ್ಪತಕ್ಕ ಮಾತೇ. ಆದರೆ ಅಲ್ಪ ಸಂಬಳದಿಂದಲೂ, ನಿದ್ದೆಯಿಲ್ಲದ ಪಾಳಿಗಳಿಂದಲೂ, ಮೇಲ್ವಿಚಾರಕರ ತಾತ್ಸಾರದಿಂದಲೂ ಅದನ್ನು ಕೊಲ್ಲಬಹುದು. ಆಯಾಳನ್ನು ಏಕವಚನದಲ್ಲಿ ಗದರುವ ಮನೆಯಲ್ಲಿ, ಆಯಾ ಅಜ್ಜಿಯನ್ನು ಬಹುವಚನದಲ್ಲಿ ಕರೆಯುವಳೆಂದು ನಿರೀಕ್ಷಿಸುವುದು ನ್ಯಾಯವಲ್ಲ. 1839ರಲ್ಲಿ ಫ್ರಾನ್ಸ್ ದೇಶದಲ್ಲಿ ಝಾನ್ ಜುಗಾನ್ ಎಂಬ ಬಡ ಹೆಂಗಸು ಕುರುಡಿಯಾದ ಒಬ್ಬ ಮುದುಕಿಯನ್ನು ತನ್ನ ಕೋಣೆಗೆ ಕರೆತಂದು, ತನ್ನ ಹಾಸಿಗೆಯನ್ನೇ ಅವಳಿಗೆ ಬಿಟ್ಟುಕೊಟ್ಟಳು. ಅಲ್ಲಿಂದ ಬೆಳೆದ ಕ್ರೈಸ್ತ ಸೋದರಿಯರ ಸಂಘವು ನಮ್ಮ ಬೆಂಗಳೂರಿನ ಹೊಸೂರು ರಸ್ತೆಯಲ್ಲಿಯೂ ಒಂದು ವೃದ್ಧನಿಲಯವನ್ನು ಬಹುಕಾಲದಿಂದ ನಡೆಸುತ್ತಿದೆ. ಬಡ ಮುದುಕರಿಗಾಗಿ ಭಿಕ್ಷೆಯೆತ್ತುವುದು ಆ ಸಂಘದ ಸಂಪ್ರದಾಯ. ಸಾಯುತ್ತಿರುವವರನ್ನು ಹಗಲೂ ರಾತ್ರಿಯೂ ಒಂಟಿಯಾಗಿ ಬಿಡದೆ ಸರದಿಯಂತೆ ಬಳಿಯಲ್ಲಿರುವುದು ಅವರ ನೇಮ. ಮತ ಯಾವುದಾದರೇನು, ಹಾಸಿಗೆಯನ್ನು ಬಿಟ್ಟುಕೊಟ್ಟವಳಿಗೂ ಆ ಕುರುಡಿಗೂ ಋಣಾನುಬಂಧವೇನೂ ಇರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಕೈಗಳಿವೆ, ಪ್ರೀತಿಯೂ ಇದೆ ಎಂದು ಭಾವಿಸೋಣ. ಇನ್ನೂ ಒಂದು ಉಳಿಯಿತು. ವೃದ್ಧಾಶ್ರಮವನ್ನು ಇಂದಿನ ಕಾಲದ ವಾನಪ್ರಸ್ಥವೆಂದು ಕೆಲವರು ಸಮಾಧಾನ ಹೇಳುವುದುಂಟು. ಆ ಹೋಲಿಕೆ ನಿಲ್ಲುವುದಿಲ್ಲ. ವಾನಪ್ರಸ್ಥನು ತಾನಾಗಿ ಹೊರಟವನು; ಎದ್ದ ಹೊತ್ತು, ಮಿಂದ ಹೊತ್ತು, ಉಂಡ ಹೊತ್ತು ಅವನ ಸ್ವಂತ ನಿಯಮಕ್ಕೆ ಸೇರಿದ್ದು. ಆಶ್ರಮದ ಅಜ್ಜನಿಗೆ ಪಾಳಿ ಬದಲಾಗುವ ಮೊದಲೇ ಮುಗಿಯಲೆಂದು ನಸುಕಿನ ನಾಲ್ಕು ಗಂಟೆಗೆ ಸ್ನಾನ. ಏಕಾದಶಿಯ ದಿನವೂ ಎಲ್ಲರೊಡನೆ ಊಟ. ಬಾಗಿಲು ತಟ್ಟದೆ ಒಳಬರುವವರ ಮುಂದೆ ಬಟ್ಟೆ ಬದಲಾವಣೆ. ದಾನಿಗಳು ತಮ್ಮ ಮಕ್ಕಳ ಹುಟ್ಟುಹಬ್ಬಕ್ಕೆ ಊಟ ಹಾಕಿಸಲು ಬಂದಾಗ ಮೈ ಸರಿಯಿಲ್ಲದಿದ್ದರೂ ಸಾಲಾಗಿ ಕುಳಿತು ಫೋಟೋ ತೆಗೆಸಿಕೊಳ್ಳಬೇಕು. ಇವುಗಳಲ್ಲಿ ಒಂದೊಂದೂ ಸಣ್ಣದು. ಒಟ್ಟುಗೂಡಿದಾಗ ಅವನು ತನ್ನ ಬಾಳಿಗೆ ತಾನು ಕರ್ತನಲ್ಲವೆಂದಾಗುತ್ತದೆ. 1976ರಲ್ಲಿ ಅಮೆರಿಕದ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ಮನೋವಿಜ್ಞಾನಿಗಳು ಕನೆಕ್ಟಿಕಟ್ಟಿನ ಒಂದು ಶುಶ್ರೂಷಾಲಯದಲ್ಲಿ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಒಂದು ಮಹಡಿಯವರಿಗೆ, ಕೋಣೆಯ ಜೋಡಣೆ ನಿಮ್ಮಿಷ್ಟ, ಈ ಗಿಡಕ್ಕೆ ನೀರೆರೆಯುವ ಹೊಣೆ ನಿಮ್ಮದು, ಚಲನಚಿತ್ರ ನೋಡುವ ದಿನವನ್ನು ನೀವೇ ಆರಿಸಿಕೊಳ್ಳಿ ಎಂದರು. ಇನ್ನೊಂದು ಮಹಡಿಯವರಿಗೆ ಅದೇ ಸೌಕರ್ಯಗಳನ್ನು ಕೊಟ್ಟು, ಎಲ್ಲವನ್ನೂ ದಾದಿಯರೇ ನೋಡಿಕೊಳ್ಳುತ್ತಾರೆ ಎಂದರು. ಮೂರು ವಾರಗಳಲ್ಲಿಯೇ ಮೊದಲನೆಯವರಲ್ಲಿ ಉಲ್ಲಾಸವೂ ಚಟುವಟಿಕೆಯೂ ಹೆಚ್ಚಿದ್ದು ಕಂಡುಬಂದಿತು. ಒಂದು ಗಿಡದ ಹೊಣೆಗೆ ಅಷ್ಟು ಶಕ್ತಿಯಿದ್ದರೆ, ತಿಳಿಸಾರಿನ ಒಗ್ಗರಣೆ ಹೇಗಿರಬೇಕೆಂದು ಹೇಳುವ, ತುಳಸಿಗೆ ನೀರೆರೆಯುವ, ಆಯಾಳ ಮಗುವಿಗೆ ಮಗ್ಗಿ ಹೇಳಿಕೊಡುವ, ಬಂದವರನ್ನು ಮನಸಾರೆ ಹರಸುವ ಅವಕಾಶಕ್ಕೆ ಎಷ್ಟಿರಬೇಕು! ಸೇವೆ ಪಡೆಯುವವನು ಏನನ್ನಾದರೂ ಕೊಡಬಲ್ಲವನಾಗಿ ಉಳಿಯಬೇಕು. ಅವನ ಒಲ್ಲೆನೆಂಬ ಮಾತಿಗೂ ಬೆಲೆಯಿರಬೇಕು. ಬಿದ್ದವನನ್ನು ಎತ್ತುವುದೆಂದರೆ ಹೊರೆಯನ್ನೆತ್ತಿದಂತೆ ಎತ್ತಿಡುವುದಲ್ಲ.

ಹಿರಿಯರನ್ನು ಆಶ್ರಮಕ್ಕೆ ಕಳುಹಿಸುವುದೇ ಪಾಪವೆಂದು ಸಾರಾಸಗಟಾಗಿ ಹೇಳುವವರೊಡನೆ ನನ್ನ ಮತ ಕೂಡುವುದಿಲ್ಲ. ಇಬ್ಬರೂ ದುಡಿಯಲು ಹೋಗುವ ಮನೆಯಲ್ಲಿ, ಮರೆವಿನ ರೋಗದ ತಾಯಿಯನ್ನು ಬೀಗ ಹಾಕಿ ಇರಿಸುವುದಕ್ಕಿಂತ ಒಳ್ಳೆಯ ಆಶ್ರಮ ಮೇಲು. ಪಾಪವಿರುವುದು ಕಳುಹಿಸಿ ಕೈತೊಳೆದುಕೊಳ್ಳುವುದರಲ್ಲಿ, ಹೊರದೇಶದಿಂದ ತಿಂಗಳು ತಿಂಗಳಿಗೆ ಹಣ ತಪ್ಪದೆ ಬರುತ್ತದಲ್ಲಾ ಎಂದು ನಿಶ್ಚಿಂತರಾಗುವುದರಲ್ಲಿ. ಧರ್ಮರಾಯನಂಥವನಿಗೂ ತನ್ನ ಮನೆಯಲ್ಲಿ ನಡೆದದ್ದು ತಿಳಿಯದೆ ಹೋಯಿತಲ್ಲವೆ?

ಆದುದರಿಂದ, ನಿಮ್ಮ ಹಿರಿಯರಿಗಾಗಿ ಆಶ್ರಮವನ್ನು ಹುಡುಕುವಾಗ, ಕಚೇರಿಯ ಮುಂದಿನ ಹೂದೋಟವನ್ನು ನೋಡಿ ಠೇವಣಿ ಕಟ್ಟಬೇಡಿ. ರಾತ್ರಿ ಎಷ್ಟು ಮಂದಿ ಆಯಾಗಳು ಎಚ್ಚರವಿರುತ್ತಾರೆ, ಅವರ ಸಂಬಳವೆಷ್ಟು, ಅವರು ಎಷ್ಟು ಕಾಲದಿಂದ ಅಲ್ಲಿ ನಿಂತಿದ್ದಾರೆ, ಸ್ನಾನದ ಹೊತ್ತನ್ನು ಯಾರು ಗೊತ್ತುಮಾಡುತ್ತಾರೆ ಎಂದು ಕೇಳಿ. ಸೇರಿಸಿದ ಮೇಲೆ, ಮುಂಚಿತವಾಗಿ ತಿಳಿಸದೆ ಆಗಾಗ ಹೋಗಿ. ಬೆನ್ನನ್ನು ನೋಡಿ, ನೀರು ಕುಡಿಯುತ್ತಿದ್ದಾರೆಯೇ ವಿಚಾರಿಸಿ, ಕೈ ಹಿಡಿದುಕೊಂಡು ಕುಳಿತಿರಿ. ಹೊರಡುವ ಮುನ್ನ ಪಕ್ಕದ ಮಂಚದವರನ್ನೂ ಮಾತನಾಡಿಸಿ. ಅವರನ್ನು ನೋಡಲು ಬರುವವರು ಯಾರೂ ಇಲ್ಲದಿರಬಹುದು.